ಎಲ್ಲವ್ವ ಏರಿದ ಇನ್ನೊಂದು ಗುಡ್ಡ

ಕುದುರೆಯ ಬಾಲ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತಿತ್ತು, ಬಾಲದ ಮೇಲೆ ಅವ್ವನ ಬೆನ್ನು, ಬೆನ್ನಿಗೆ ಯಾರೋ ಹೊದಿಸಿದ ಹಸಿರು ಶಾಲು, ಶಾಲಿನ ಕೆಳಗೆ ಸೊಂಟದ ಬಳಿ ಒಂದು ಗಂಟು — ಅದನ್ನು ನೋಡಬಾರದು ಎಂದುಕೊಂಡಷ್ಟೂ ಚಂದ್ರಾಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು, ಹೋಗದೆ ಏನು ಮಾಡೀತು, ಮುಂದೆ ಇರುವುದೇ ಅದು, ದಾರಿ ಒಂದಾಳಿನಷ್ಟು ಅಗಲ, ಬಲಕ್ಕೆ ಪೈನ್ ಮರಗಳು, ಎಡಕ್ಕೆ ಇಣುಕಿದರೆ ತಲೆ ತಿರುಗುವ ಪಾರೋ ಕಣಿವೆ, ಕೆಳಗೆ ಭತ್ತದ ಗದ್ದೆಗಳು ಕೌದಿಗೆ ಹೊಲಿದ ತುಂಡುಗಳ ಹಾಗೆ. ಎಪ್ಪತ್ತರ ಮುದುಕಿ ಸಾಬವ್ವ ಭೂತಾನ ದೇಶದಲ್ಲಿ ಕುದುರೆ ಹತ್ತಿದಳು ಎಂದರೆ ಇಜೇರಿಯಲ್ಲಿ ಯಾರು ನಂಬುತ್ತಾರೆ, ಹತ್ತಿದ್ದಷ್ಟೇ ಅಲ್ಲ, ಏ ಮಗನ, ಸಾವಕಾಶ ನಡಿ ಎಂದು ಕುದುರೆಗೆ ಕನ್ನಡದಲ್ಲೇ ಅಪ್ಪಣೆ ಕೊಡುತ್ತಿದ್ದಾಳೆ, ಅದೂ ಕೇಳುತ್ತಿದೆ. ಹದಿನೇಳು ಜನ, ಜೇವರ್ಗಿ ಕಡೆಯವರು ಎಂಟು, ಅಫಜಲಪುರದವರು ಒಂಬತ್ತು, ಚಂದ್ರಾಮ ಪ್ರತಿ ತಿರುವಿನಲ್ಲೂ ಎಣಿಸುತ್ತಾನೆ, ಇಪ್ಪತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವನಿಗೆ ತಲೆ ಎಣಿಸದಿದ್ದರೆ ಉಂಡದ್ದು ಅರಗುವುದಿಲ್ಲ, ಮೊಣಕಾಲಿನವರೆಗೆ ನಿಲುವಂಗಿ ತೊಟ್ಟ ಗೈಡ್ ತಿನ್ಲೇ ಕೂಡ ಎಣಿಸುತ್ತಾನೆ, ಇಬ್ಬರ ಸಂಖ್ಯೆ ತಾಳೆಯಾದಾಗ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಾರೆ, ಒಂದೇ ಕಸುಬಿನವರು. ದಸರೆ ರಜೆ, ತೊಂಬತ್ನಾಲ್ಕನೇ ಇಸವಿ, ಬುದ್ಧಗಯೆ ನೋಡಿಕೊಂಡು ರೈಲು ಬದಲಿಸಿ ಬಸ್ಸು ಬದಲಿಸಿ ಇಲ್ಲಿವರೆಗೆ ಬಂದದ್ದು, ಬಂಡೆಗೆ ಗೂಡಿನಂತೆ ಅಂಟಿಕೊಂಡಿರುವ ಆ ವಿಹಾರವನ್ನು ನೋಡಲಿಕ್ಕೆ, ಎಲ್ಲರೂ ಬುದ್ಧನವರೇ ಇರುವ ದೇಶ ಒಂದಿದೆ, ಅಲ್ಲಿ ನೀನು ಯಾರವನು ಎಂದು ಯಾರೂ ಕೇಳುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ಈ ದೇಶವನ್ನೇ ಇರಬೇಕು, ಅಪ್ಪ ಇದ್ದಿದ್ದರೆ ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದ, ಕುದುರೆಯನ್ನು ಮುಟ್ಟುತ್ತಿರಲಿಲ್ಲ.

ಆ ಗಂಟಿನಲ್ಲಿ ಎಲ್ಲವ್ವ ಇದ್ದಾಳೆ. ಬೆಳಿಗ್ಗೆ ಹೋಟೆಲಿನಲ್ಲಿ ಅವ್ವನಿಗೆ ಬಿಸಿನೀರು ತಂದಿಟ್ಟಾಗ ಬಾಗಿಲ ಹಾಕು ಎಂದಳು, ಹಾಕಿದ, ಸೊಂಟದಿಂದ ಗಂಟು ಬಿಚ್ಚಿ ಮಂಚದ ಮೇಲಿಟ್ಟಳು, ಅಂಗೈಯಷ್ಟು ಹಿತ್ತಾಳೆಯ ಮುಖ, ಹುಣಸೆಹಣ್ಣಿನಿಂದ ತಿಕ್ಕಿ ತಿಕ್ಕಿ ಮೂಗು ಸವೆದು ನುಣ್ಣಗಾಗಿದೆ, ಹಣೆಯ ಮೇಲೆ ಒಣಗಿದ ಕುಂಕುಮ. ಇಕಿನ್ನ ಹೊಳಿಗಿ ಬಿಟ್ಟಿದ್ದಿಲ್ಲ ತಮ್ಮಾ, ಜ್ವಾಳದ ಗಡಿಗ್ಯಾಗ ಇಟ್ಟಿದ್ದೆ, ನಿಮ್ಮಪ್ಪಗ ಹದಿಮೂರು ವರ್ಷ ಒಂದೇ ಸೂರಿನ ಕೆಳಗ ಮೋಸ ಮಾಡೇನಿ, ಅಂವ ಮಣ್ಣಿಗಿ ಹೋಗೋತನಾ ಬಾಯಿ ಬಿಡಲಿಲ್ಲ, ಎಂಟು ವರ್ಷಾತು, ಗಂಟಲಾಗ ಮುಳ್ಳ ಸಿಕ್ಕಂಗ ಆಗೇದ. ಮೊನ್ನೆ ಕೆಳಗಿನ ವಿಹಾರದಲ್ಲಿ ಬುದ್ಧನ ಪಕ್ಕದಲ್ಲೇ ಕಣ್ಣರಳಿಸಿ ನಿಂತ ದೇವಿಯನ್ನು ಕಂಡಾಗಲೇ ಅವ್ವ ಲೆಕ್ಕ ಹಾಕಿಬಿಟ್ಟಿದ್ದಾಳೆ — ಇಲ್ಲಿ ಬುದ್ಧ ದೇವಿಯನ್ನು ಹೊರಗೆ ಹಾಕಿಲ್ಲ, ಅವನ ಕಾಲ ಬಳಿ ಇಟ್ಟು ಬಂದರೆ ಎಲ್ಲವ್ವನನ್ನು ಮುಳುಗಿಸಿದ ಹಾಗೂ ಆಗಲಿಲ್ಲ, ಗಂಡನ ಮಾತು ಮೀರಿದ ಹಾಗೂ ಆಗಲಿಲ್ಲ. ಬಿಟ್ಟು ಬಂದು ಕೈ ತೊಳಕೊಂತೇನಿ ಎಂದಳು, ಹಾಗೆನ್ನುವಾಗ ಆ ಸವೆದ ಮೂಗನ್ನು ಹೆಬ್ಬೆರಳಿನಿಂದ ಸವರುತ್ತಲೇ ಇದ್ದಳು, ಚಂದ್ರಾಮ ಹೂಂ ಎಂದ, ಬೇರೆ ಏನು ಹೇಳಬೇಕಿತ್ತೋ ಅದು ನಾಲಿಗೆಯ ತುದಿಗೆ ಬಂದು ನಿಂತು ವಾಪಸು ಹೋಯಿತು, ನೀರು ಆರ್ತದ ಬೇ, ಮೊದಲು ಮುಖ ತೊಳಿ ಎಂದಷ್ಟೇ ಅಂದ. ಹೇಳಲಿಕ್ಕೆ ಇದ್ದದ್ದು ಒಂದೇ ಮಾತು. ಅಪ್ಪನಿಗೆ ಗೊತ್ತಿತ್ತು. ಅದನ್ನು ಹೇಳಬೇಡ ಎಂದವನೂ ಅಪ್ಪನೇ.

ಎಪ್ಪತ್ಮೂರರ ದಸರೆ ಅದು, ಅಪ್ಪ ಮಹಾದೇವಪ್ಪ ಓಣಿಯ ನಾಲ್ಕು ಜನರ ಜೊತೆ ನಾಗಪುರಕ್ಕೆ ಹೋಗಿ ಬುದ್ಧನ ದೀಕ್ಷೆ ಪಡೆದು ಬಿಳಿ ಅಂಗಿ ತೊಟ್ಟು ಬಂದ, ಇನ್ನು ಮೇಲೆ ಯಾರ ಗುಡಿಯ ಮೆಟ್ಟಿಲ ಕೆಳಗೂ ನಿಂತು ಕೈಮುಗಿಯುವುದಿಲ್ಲ, ಒಳಗೆ ಬಿಡದ ದೇವರು ನಮ್ಮ ಮನೆಯೊಳಗೆ ಯಾಕೆ ಎಂದ, ಮಾತಿನಲ್ಲಿ ಸಿಟ್ಟಿರಲಿಲ್ಲ, ಹಬ್ಬದ ಗೆಲುವಿತ್ತು, ದೇವರ ಜಗಲಿಯ ಮೇಲೆ ಇದ್ದದ್ದನ್ನೆಲ್ಲ ಒಂದು ಬುಟ್ಟಿಗೆ ತುಂಬು ಎಂದು ಅವ್ವನಿಗೆ ಹೇಳಿದ, ಅವ್ವ ತುಂಬಿದಳು. ಬುಟ್ಟಿ ಏರಿದ್ದು ಚಂದ್ರಾಮನ ಬಸ್ಸನ್ನೇ, ಇಜೇರಿಯಿಂದ ಜೇವರ್ಗಿ ದಾಟಿ ಕಲಬುರ್ಗಿಗೆ ಹೋಗುವ ಬೆಳಗಿನ ಗಾಡಿ, ಆಗ ಅವನಿಗೆ ಇಪ್ಪತ್ತಾರು, ಖಾಕಿ ಅಂಗಿ ಇನ್ನೂ ಹೊಸ ವಾಸನೆ ಬಿಟ್ಟಿರಲಿಲ್ಲ, ಯಾರೋ ದೇವರಿಗಿ ಟಿಕೀಟ ಇಲ್ಲೇನ್ರಿ ಕಂಡಕ್ಟರ್ ಸಾಹೇಬ್ರ ಎಂದು ಚುಡಾಯಿಸಿದರೆ ಅಪ್ಪ ತಿರುಗಿ, ಹೋಗೋದಷ್ಟೇ ಅದರಿ, ವಾಪಸ್ ಬರೋದಿಲ್ಲ ಎಂದ, ಬಸ್ಸಿಗೆ ಬಸ್ಸೇ ನಕ್ಕಿತು. ಭೀಮಾ ನದಿಯ ಸೇತುವೆಯ ನಟ್ಟನಡುವೆ ಚಂದ್ರಾಮ ಸೀಟಿ ಊದಿದ, ಡ್ರೈವರ್ ಶರಫುದ್ದೀನ ಗಾಡಿ ನಿಲ್ಲಿಸಿ ಇಂಜಿನ್ ಚಾಲೂ ಇಟ್ಟು, ಜಲ್ದಿ ಮಾಡ್ರಿ ಚಾಚಾ, ಹಿಂದ ಲಾರಿ ನಿಂತಾವ ಎಂದ, ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು, ಅಪ್ಪ ಒಂದೊಂದನ್ನೇ ತೆಗೆದು ಹಣೆಗೆ ಒತ್ತಿಕೊಳ್ಳದೆ ಬಯ್ಯದೆ ಸುಮ್ಮನೆ ಕೈಬಿಟ್ಟ, ಬಸವಣ್ಣನ ಚಿಕ್ಕ ಮೂರ್ತಿ, ಖಂಡೋಬನ ಮುಖ ಒತ್ತಿದ ಬೆಳ್ಳಿಯ ಟಾಕು, ಇನ್ನೇನೋ, ಕೆಳಗೆ ಬಿದ್ದ ಸದ್ದು ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಅವ್ವ ಮಾತ್ರ ಇಳಿಯಲಿಲ್ಲ, ಕಿಟಕಿ ಪಕ್ಕ ಕೂತು ಆಚೆ ಕಡೆಗೆ ಮುಖ ಮಾಡಿದ್ದಳು, ಅಳುತ್ತಾಳೆ ಎಂದುಕೊಂಡ ಚಂದ್ರಾಮ, ದಿನವಿಡೀ ತಲೆ ಎಣಿಸುವವನು ಆ ಹೊತ್ತು ಬುಟ್ಟಿಯಲ್ಲಿದ್ದವನ್ನು ಎಣಿಸಲಿಲ್ಲ, ಎರಡು ಸೀಟಿ ಊದಿದ, ಬಸ್ಸು ಹೊರಟಿತು.

ಎಣಿಸಿದವನು ಅಪ್ಪ. ಈಗ ಕುದುರೆಯ ದಾರಿ ಮುಗಿದು ಚಹದ ಗುಡಿಸಲು ಬಂದಿದೆ, ಬಣ್ಣದ ಬಟ್ಟೆಯ ಪತಾಕೆಗಳು ಮರದಿಂದ ಮರಕ್ಕೆ, ಅವ್ವ ಇಳಿದು ಸೊಂಟ ಹಿಡಿದುಕೊಂಡು ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ತಂಡದ ಮುಖಂಡರು, ಅಫಜಲಪುರದ ನಿವೃತ್ತ ಹೆಡ್ ಮಾಸ್ತರ್ ಕಲ್ಯಾಣಪ್ಪನವರು ಬೆಣ್ಣೆ ಉಪ್ಪು ಹಾಕಿದ ಚಹ ಒಂದು ಗುಟುಕು ಕುಡಿದು ಮುಖ ಹಿಂಡಿ, ಗೈಡನ್ನು ತರಾಟೆಗೆ ತೆಗೆದುಕೊಂಡಿದ್ದಾರೆ, ಬುದ್ಧ ದೇವರಿಲ್ಲ ಅಂತ ಹೇಳಿದವ, ನಿಮ್ಮಲ್ಲಿ ಇಷ್ಟು ದೇವರು ಎಲ್ಲಿಂದ ಬಂದರು ಎಂದು ಹಿಂದಿಯಲ್ಲಿ, ತಿನ್ಲೇ ನಗುತ್ತಾ ಅವರೆಲ್ಲ ಮೊದಲೇ ಇದ್ದವರು ಸಾರ್, ಬುದ್ಧ ಬಂದಮೇಲೆ ಅವರಿಗೂ ಮನೆಯಲ್ಲೇ ಜಾಗ ಕೊಟ್ಟರು ಎಂದ, ಮಾಸ್ತರರು ಒಪ್ಪಲಿಲ್ಲ, ಅಪ್ಪನೂ ಒಪ್ಪುತ್ತಿರಲಿಲ್ಲ. ಅವ್ವ ಕಟಕ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ ಉದುರಿಸಿ ಗೈಡಿನ ಕೈಗಿಟ್ಟಳು. ಮುಂದೆ ನಡೆಯಬೇಕು, ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಅವ್ವನ ಮೊಣಕೈ ಹಿಡಿದಿದ್ದಾನೆ ಚಂದ್ರಾಮ, ಹೀಗೇ ಹಿಡಿದಿದ್ದ ಅಪ್ಪನ ಮೊಣಕೈಯನ್ನು, ಎಂಬತ್ತಾರರಲ್ಲಿ, ಆಸ್ಪತ್ರೆಯ ವರಾಂಡದಲ್ಲಿ, ಉಬ್ಬಸ ಏರಿ ಮಾತು ತುಂಡು ತುಂಡಾಗಿ ಬರುತ್ತಿತ್ತು, ಅವ್ವ ಹಾಲು ತರಲು ಹೋಗಿದ್ದಳು. ಲೇ ಚಂದ್ರಾಮ, ಜಗಲಿ ಮ್ಯಾಲ ಆರು ಇದ್ವು, ಬುಟ್ಟ್ಯಾಗ ಐದೇ ಇದ್ವು, ಆರನೇದು ಎಲ್ಲದ ಅಂತ ನನಗ ಗೊತ್ತದ. ಗಾಬರಿಯಾಗಿ ಅಪ್ಪನ ಮುಖ ನೋಡಿದ, ಸಿಟ್ಟೇನಾದರೂ ಇದೆಯೋ ಎಂದು, ಇರಲಿಲ್ಲ, ಆ ಉಬ್ಬಸದಲ್ಲೂ ಕಳ್ಳನಗೆ ಇತ್ತು. ಅಕಿಗಿ ಹೇಳಬ್ಯಾಡ, ನನ್ನ ಹಿಂದ ಬಂದು ಅಕಿ ಬಾಳ ಬಿಟ್ಟಾಳ, ಒಂದರೆ ತನ್ನದು ಅಂತ ಇರಲಿ. ಚಂದ್ರಾಮ ಮಾತು ಕೊಟ್ಟ, ಅಷ್ಟರಲ್ಲಿ ಅವ್ವ ಹಾಲು ತಂದಳು. ಮಾತು ಕೊಡುವಾಗ ಗುಟ್ಟು ಅವ್ವನಿಗೆ ಆಸರೆಯಾಗುತ್ತದೆ ಎಂದುಕೊಂಡಿದ್ದ, ಅದು ಮುಳ್ಳಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ, ಈಗ ಹೇಳಿದರೆ ಅಪ್ಪನ ಮಾತು ಹೋಯಿತು, ಹೇಳದಿದ್ದರೆ ಅವ್ವನ ಎಲ್ಲವ್ವ ಇಲ್ಲೇ ಉಳಿಯುತ್ತಾಳೆ, ಮುಳ್ಳು ಮಾತ್ರ ಅವ್ವನ ಜೊತೆ ಇಜೇರಿಗೆ ವಾಪಸು ಬರುತ್ತದೆ. ಜಲಪಾತದ ಹನಿ ಮುಖಕ್ಕೆ ಬಡಿಯಿತು, ಅವ್ವ ನಿಂತು ಉಸಿರೆಳೆದುಕೊಂಡಳು, ಇನ್ನ ಎಷ್ಟ್ ಮೆಟ್ಲ ಅವ ತಮ್ಮಾ — ಆತು ಬೇ, ಇಷ್ಟೇ.

ಒಳಗೆ ಕತ್ತಲು, ಬೆಣ್ಣೆ ಕಾಸಿದ ವಾಸನೆ, ಸಾಲು ದೀಪಗಳು, ಚಪ್ಪಲಿ ಚೀಲ ಎಲ್ಲ ಹೊರಗೆ, ಬರಿಗಾಲಿಗೆ ಹಲಗೆ ತಣ್ಣಗೆ ತಾಗುತ್ತದೆ. ನವಿಲುಗರಿ ಸಿಕ್ಕಿಸಿದ ಗಿಂಡಿಯಿಂದ ಮುದಿ ಭಿಕ್ಷುವೊಬ್ಬ ಎಲ್ಲರ ಅಂಗೈಗೂ ನೀರು ಹಾಕುತ್ತಿದ್ದ, ಅವ್ವನ ಅಂಗೈಗೂ ಹಾಕಿದ, ಹಾಕುವಾಗ ಅವನ ಬೆರಳು ಅವ್ವನ ಬೆರಳಿಗೆ ತಗುಲಿತು, ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಅವ್ವ ಆ ನೀರನ್ನು ಕುಡಿಯದೆ ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತಳು. ಚಂದ್ರಾಮನಿಗೆ ಅಪ್ಪನ ನೆನಪು ಜೋರಾಗಿ ಬಂತು, ತಾನೂ ಅಂಗೈ ಚಾಚಿದ. ಮಿಕ್ಕವರು ಪಕ್ಕದ ಕೋಣೆಗೆ ಹೋದರು, ಕಲ್ಯಾಣಪ್ಪನವರ ದನಿ ಅಲ್ಲಿಂದ ಕೇಳುತ್ತಿದೆ, ಬುದ್ಧನ ಬಲಕ್ಕೆ ಕಣ್ಣರಳಿಸಿದ ದೇವಿ, ಕೆಂಪು ನಾಲಿಗೆ, ಕೊರಳಲ್ಲಿ ಏನೇನೋ. ಅವ್ವ ಸೀರೆಯ ಸೆರಗು ಸರಿಸಿ ಗಂಟು ಬಿಚ್ಚಿದಳು, ಹಿತ್ತಾಳೆಯ ಮುಖ ದೀಪದ ಬೆಳಕಿಗೆ ಥಳಕ್ಕೆಂದಿತು, ದೀಪಗಳ ನಡುವೆ ಒಂದು ಬಟ್ಟಲಿನಷ್ಟು ಜಾಗ ಖಾಲಿ ಇತ್ತು, ಅಲ್ಲಿಗೆ ಒಯ್ದಳು, ಒಯ್ದ ಕೈ ಗಾಳಿಯಲ್ಲೇ ನಿಂತಿತು. ಬುದ್ಧನ ಕಡೆ ತಿರುಗಿ, ಪಕ್ಕದ ಮನೆಯವರ ಜೊತೆ ಮಾತಾಡುವಷ್ಟೇ ದನಿಯಲ್ಲಿ, ಅಂವ ಅಲ್ಲಿ ನಿನಗ ಸಿಕ್ಕರ ಹೇಳಪಾ, ಸಾಬವ್ವ ಮೋಸ ಮಾಡಿದ್ಲು, ಈಗ ತಂದು ಒಪ್ಪಿಸ್ಯಾಳ ಅಂತ, ಎಂದಳು. ಚಂದ್ರಾಮ ಬಾಯಿ ತೆರೆದದ್ದು ತಾನೋ ಬೇರೆ ಯಾರೋ — ಅಪ್ಪಗ ಗೊತ್ತಿತ್ತು ಬೇ.

ಅವ್ವ ತಿರುಗಲಿಲ್ಲ. ಯಾವಾಗಿಂದ ಎಂದಳು. ಸೇತುವಿ ಮ್ಯಾಲಿಂದನ ಎಂದ, ಆಸ್ಪತ್ರೆಯದೆಲ್ಲ ಹೇಳಿದ, ಐದು ಎಂದದ್ದು, ಆರು ಎಂದದ್ದು, ಒಂದಾದರೂ ಇರಲಿ ಎಂದದ್ದು, ಮಾತು ಮುರಿದೆ ಅಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅವ್ವ ಅಳುತ್ತಾಳೆ ಎಂದುಕೊಂಡರೆ ಹಲಗೆಯ ಮೇಲೆ ಮೆಲ್ಲಗೆ ಕೂತಳು, ಎಲ್ಲವ್ವನನ್ನು ಮಡಿಲಲ್ಲಿ ಇಟ್ಟುಕೊಂಡಳು, ಹಂಗಾದ್ರ ಅಮಾಸಿ ಕಾಯಿ ಎಂದಳು. ಯಾವ ಕಾಯಿ ಬೇ. ಅಮಾಸಿಗೊಮ್ಮೆ ಜೇವರ್ಗಿಯಿಂದ ಟೆಂಗಿನಕಾಯಿ ತರ್ತಿದ್ದಲ್ಲ ನಿಮ್ಮಪ್ಪ, ಚಟ್ನಿ ಅರಿ ಅಂತ ಕೊಟ್ಟು ಹೊರಗ ಹೋಗ್ತಿದ್ದ, ತಾಸುಗಟ್ಲೆ ಬರ್ತಿದ್ದಿಲ್ಲ, ನಾ ಅದನ್ನ ಗಡಿಗಿ ಮುಂದ ಒಡದು ಅಮ್ಯಾಲ ಅರಿತಿದ್ದೆ, ಅವನ ಕಾಯಿಲೇ ಅವಗ ಮೋಸ ಮಾಡೇನಿ ಅಂತ ತಿಳಕೊಂಡಿದ್ದೆ. ಅವ್ವನ ದನಿ ಅಲ್ಲಿ ಸಣ್ಣಗಾಯಿತು. ಅವಗ ಕೊಬ್ಬರಿ ಆಗ್ತಿದ್ದಿಲ್ಲ ತಮ್ಮಾ, ಕೆಮ್ಮು ಏಳ್ತಿತ್ತು, ಒಂದ್ ಚೂರ ಬಾಯಾಗ ಹಾಕ್ತಿದ್ದಿಲ್ಲ, ಮತ್ತ ಚಟ್ನಿ ಕಾಯಿಗಿ ಜುಟ್ಟು ಯಾರರೆ ಬಿಡಸ್ತಾರೇನು.

ಜುಟ್ಟು. ಅಡುಗೆಗೆ ಎಂದರೆ ಅಂಗಡಿಯವರು ನಾರೆಲ್ಲ ಕಿತ್ತು ಬೋಳು ಮಾಡಿ ಕೊಡುತ್ತಾರೆ, ದೇವರಿಗೆ ಎಂದರೆ ಮಾತ್ರ ಜುಟ್ಟು ಬಿಡುತ್ತಾರೆ, ಕೇಳಿ ಬಿಡಿಸಿಕೊಳ್ಳಬೇಕು, ಅಂದರೆ ಅಪ್ಪ ಕೇಳಿದ್ದಾನೆ, ಓಣಿಯ ಬುದ್ಧವಿಹಾರ ಕಟ್ಟಿಸಿದ ಮಹಾದೇವಪ್ಪ, ಕಂಡಕಂಡವರ ಮನೆಯ ದೇವರ ಜಗಲಿ ತೆಗೆಸಿದ ಮಹಾದೇವಪ್ಪ, ಸಂತೆಯ ನಡುವೆ ನಿಂತು ಜುಟ್ಟು ಬಿಡ್ರಿ ಎಂದಿದ್ದಾನೆ, ಹದಿಮೂರು ವರ್ಷ, ಪ್ರತಿ ಅಮಾವಾಸ್ಯೆ. ಅವ್ವ ಎದ್ದಳು, ಎಲ್ಲವ್ವನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡಳು, ಬಿಟ್ಟು ಬರ್ತೇನಿ ಅಂದಿದ್ದಿ ಎಂದ ಚಂದ್ರಾಮ, ಯಾಕ ಬಿಡಲಿ, ಅಂವ ಸಾಕ್ಯಾನ ಇಕಿನ್ನ ಎಂದಳು. ಹೊರಗೆ ತಿನ್ಲೇ ಎಣಿಸುತ್ತಿದ್ದ, ಹದಿನೇಳು, ಚಂದ್ರಾಮನ ಕಡೆ ನೋಡಿ ತಲೆಯಾಡಿಸಿದ, ಚಂದ್ರಾಮ ಎಣಿಸಿರಲಿಲ್ಲ. ಮೆಟ್ಟಿಲು ಇಳಿಯುತ್ತಿದ್ದಾನೆ, ಜಲಪಾತ, ಪತಾಕೆ, ಕಣಿವೆ, ಯಾವುದೂ ಕಣ್ಣಿಗೆ ಬೀಳುತ್ತಿಲ್ಲ, ಇಜೇರಿಯ ಸ್ಟಾಪು ಬೀಳುತ್ತಿದೆ, ತನ್ನದೇ ಬಸ್ಸು ನಿಲ್ಲುತ್ತದೆ, ಇಳಿಜಾರಿನ ಸಂಜೆಬಿಸಿಲು, ಬಿಳಿ ಅಂಗಿಯ ಅಪ್ಪ ಹಿಂದಿನ ಬಾಗಿಲಿನಿಂದ ಇಳಿಯುತ್ತಾನೆ, ಎಷ್ಟು ಸಲ ನೋಡಿದ್ದೆ, ಮುಚ್ಚಿಟ್ಟುಕೊಂಡಿರಲೂ ಇಲ್ಲವಲ್ಲ, ಎಲ್ಲರ ಕಣ್ಣೆದುರೇ, ನನ್ನ ಕಣ್ಣೆದುರೇ, ಕಾಯಿಯನ್ನು ಟವೆಲ್ಲಿನಲ್ಲಿ ಸುತ್ತದೆ ಚೀಲದಲ್ಲಿ ಹಾಕದೆ — ಅವ್ವ ಕೈ ಹಿಡಿ ತಮ್ಮಾ, ಜಾರ್ತದ ಎಂದಳು, ಹಿಡಿದ — ಅಪ್ಪ ಇಳಿಯುತ್ತಾನೆ, ಒಂದು ಕೈಯಲ್ಲಿ ಧೋತರದ ತುದಿ, ಇನ್ನೊಂದು ಕೈಯಲ್ಲಿ, ಎರಡು ಬೆರಳಿನ ನಡುವೆ ಜುಟ್ಟು ಹಿಡಿದು ತೂಗಾಡಿಸುತ್ತ, ಬಸ್ಸು ಹೊರಡಬೇಕು, ಹೊರಡುತ್ತಿಲ್ಲ, ಅಪ್ಪ ಇಳಿಯುತ್ತಾನೆ, ಎರಡು ಬೆರಳು, ಜುಟ್ಟು, ಕಾಯಿ.