ಕಮ್ಮಿಯೆಂದರೆ ಇಬ್ಬರಿರಬೇಕು

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ಬಸ್ ನಿಲ್ದಾಣದಿಂದಲೋ, ಹೊಟ್ಟೆಯಿಂದಲೋ? ಪ್ರವಾಸದ ಕಥೆ ಬಸ್ಸಿನಿಂದ ಶುರುವಾಗುವುದು ವಾಡಿಕೆ. ಆದರೆ ಪಿಲ್‌ಸೂನಕ್ಕ ಇನ್ನೂ ಬಸ್ ಹತ್ತಿಲ್ಲ, ಟಿಕೆಟ್ಟನ್ನೇ ತೆಗೆಸಿಲ್ಲ. ಹಾಗಾಗಿ ಹೊಟ್ಟೆಯಿಂದಲೇ ಆಗಲಿ.

ಕೊರಿಯಾದ ದಕ್ಷಿಣದ ತುದಿಯಲ್ಲಿ, ತೊಂಗ್ಯೊಂಗ್ ಎಂಬ ಕಡಲೂರಿನಲ್ಲಿ ನಮ್ಮದೊಂದು ಸಿಂಪಿ ಸುಲಿಯುವ ಶೆಡ್ಡು. ಉದ್ದನೆಯ ಮೇಜಿನ ಎರಡೂ ಬದಿಗೆ ಹೆಂಗಸರು ನಿಂತು, ಗಿಡ್ಡ ಚಾಕುವಿನಿಂದ ಚಿಪ್ಪು ಬಿಡಿಸಿ ಮಾಂಸ ತೆಗೆಯುತ್ತಾರೆ. ನಾನು ತಕ್ಕಡಿಯ ಹತ್ತಿರ ಕೂರುವವನು. ತೂಕ ಹೇಳುವುದು ನನ್ನ ಕೆಲಸ, ಕಥೆ ಬರೆಯುವುದು ನನ್ನ ಚಟ. (ತೂಕದಲ್ಲಿ ತಪ್ಪಿದರೆ ಬೈಗುಳ ಸಿಗುತ್ತದೆ. ಕಥೆಯಲ್ಲಿ ತಪ್ಪಿದರೂ ಸಿಗುತ್ತದೆ, ಮುಂದೆ ನೋಡುವಿರಂತೆ.) ಬೇಸಿಗೆಯ ಬಿಸಿಲು ಏರುತ್ತಿದ್ದಂತೆ ಸಿಂಪಿಯ ಕಾಲ ಮುಗಿದು ಶೆಡ್ಡಿಗೆ ರಜೆ. ಈ ರಜೆಗೆ ಸುಲಿಯುವ ಮೇಜಿನ ಪಿಲ್‌ಸೂನಕ್ಕ ಸಿಯೋಲ್‌ಗೆ ಹೋಗುತ್ತಾಳಂತೆ. ಎರಡು ಹಗಲು, ಒಂದು ರಾತ್ರಿ. ಅರಮನೆ ನೋಡುವುದು, ಗುಡ್ಡದ ಮೇಲಿನ ಗೋಪುರ ಹತ್ತುವುದು, ಉಣ್ಣುವುದು. ಉಣ್ಣುವುದೇ ಮುಖ್ಯ.

೨

ತೊಡಕು ಏನೆಂದರೆ, ಅಕ್ಕ ಆರಿಸಿಟ್ಟ ಊಟಗಳೆಲ್ಲ ಇಬ್ಬರ ಊಟಗಳು. ಮೇಜಿನ ನಡುವೆ ಕೆಂಡವಿಟ್ಟು ಪಕ್ಕೆಲುಬಿನ ಮಾಂಸ ಸುಡುವ ಅಂಗಡಿಯಲ್ಲಿ ಕಮ್ಮಿಯೆಂದರೆ ಎರಡು ಪಾಲು ತರಿಸಬೇಕು. ಅಣಬೆ ಹಾಕಿ ಕುದಿಕುದಿಯುವಾಗಲೇ ತಿನ್ನುವ ಸಾರು ಇಬ್ಬರಿಗಿಂತ ಕಮ್ಮಿ ಇದ್ದರೆ ಒಲೆಗೇ ಏರುವುದಿಲ್ಲ. ಬಾಗಿಲಲ್ಲಿ “ಎಷ್ಟು ಜನ?” ಅನ್ನುತ್ತಾರೆ. ಒಂದೇ ಬೆರಳು ಎತ್ತಿ ನೋಡಿ, ಮುಖ ಹೇಗೆ ಸಪ್ಪಗಾಗುತ್ತದೆ ಅಂತ.

“ನನ್ನ ಕರ್ಕೊಂಡು ಹೋಗೇ” ಅಂದಳು ಪಕ್ಕದಲ್ಲಿ ನಿಲ್ಲುವ ಊನ್‌ಡೊಕ್ ಅಕ್ಕ. ಶೆಡ್ಡಿಗೇ ಹಿರಿಯಳು. “ಎರಡು ಪಾಲಿಗೆ ನಾನೊಬ್ಳೇ ಸಾಕು.”

“ನೀನು ಗೊರಕೆ ಹೊಡೀತೀಯ.”

“ಗೊರಕೆಗೂ ಪಕ್ಕೆಲುಬಿಗೂ ಏನೇ ಸಂಬಂಧ?”

ನಾನು ತಕ್ಕಡಿಯ ಹಿಂದಿನಿಂದ ಬಾಯಿ ಹಾಕಿದೆ. “ಎರಡೂ ಪಾಲು ನೀವೊಬ್ರೇ ತರಿಸ್ಕೊಂಡು ತಿನ್ನಬಹುದಲ್ವಾ ಅಕ್ಕ?”

“ತಿನ್ನಬಹುದು ತಮ್ಮಾ. ಸುಟ್ಟ ಮೊದಲನೇ ತುಂಡು ಯಾರ ತಟ್ಟೆಗೆ ಹಾಕ್ಲಿ? ನಿನ್ನ ತಕ್ಕಡಿಯ ತಟ್ಟೆಗಾ?”

ಆ ಮೊದಲನೇ ತುಂಡು ಸೇರಬೇಕಾದವಳಿಗೆ ಒಂದು ಹೆಸರಿತ್ತು. ಹ್ವಾಜಾ.

೪

(ಮೂರನ್ನು ಹರಿದೆ. ಅದರಲ್ಲಿ ಹ್ವಾಜಾಳನ್ನು ವರ್ಣಿಸಿದ್ದೆ. “ಅವಳ ಮೂಗು ಹಾಗಿಲ್ಲ” ಅಂದಳು ಪಿಲ್‌ಸೂನಕ್ಕ.)

ಮೂಗು ಬಿಟ್ಟು ಹೇಳುತ್ತೇನೆ. ಹ್ವಾಜಾ ಮತ್ತು ಪಿಲ್‌ಸೂನ್ ಮೇಜಿನಲ್ಲಿ ಎದುರುಬದುರು. ಎಷ್ಟೋ ಚಳಿಗಾಲ ಒಬ್ಬಳ ಉಸಿರಿನ ಹಬೆ ಇನ್ನೊಬ್ಬಳ ಮುಖಕ್ಕೆ ತಾಗುವಷ್ಟು ಹತ್ತಿರ ನಿಂತವರು. ಬುತ್ತಿ ಬಿಚ್ಚಿದರೆ ಎರಡು ಡಬ್ಬಿ ಒಂದೇ ಆಗುತ್ತಿತ್ತು. ಎರಡು ವರ್ಷದ ಹಿಂದೆ ಸಿಯೋಲ್‌ನಲ್ಲಿರುವ ಮಗಳಿಗೆ ಮಗುವಾಗಿ, ನೋಡಿಕೊಳ್ಳಲು ಹ್ವಾಜಾ ಹೊರಟುಹೋದಳು. ಬಸ್ಸು ಕದಲುವಾಗ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದಳು: “ಯಾವಾಗಾದ್ರೂ ಬಾರೇ, ಒಂದ್ಸಲ ಒಟ್ಟಿಗೆ ಊಟ ಮಾಡೋಣ!”

ಓದುಗರೇ, ಇಲ್ಲಿನವರು ಈ ಮಾತನ್ನು ಎಲ್ಲರಿಗೂ ಹೇಳುತ್ತಾರೆ. ಬ್ಯಾಂಕಿನ ಸಾಲಿನಲ್ಲಿ ಸಿಕ್ಕ ದೂರದ ನೆಂಟನಿಗೆ, ಹಲ್ಲು ಕಿತ್ತ ಡಾಕ್ಟರಿಗೆ. ನಾವು ಕನ್ನಡದವರು “ಬನ್ನಿ ಒಂದ್ಸಲ ಮನೆ ಕಡೆ” ಅಂದು, ಮನೆ ಯಾವ ಕಡೆ ಅಂತ ಹೇಳದೆಯೇ ಸ್ಕೂಟರ್ ಏರುತ್ತೇವಲ್ಲ, ಹಾಗೆ. ಆ ಮಾತನ್ನು ಹಿಡಿದುಕೊಂಡು ಯಾರೂ ಹೊರಡುವುದಿಲ್ಲ. ಪಿಲ್‌ಸೂನಕ್ಕ ಹೊರಟಿದ್ದಾಳೆ.

“ಅಯ್ಯೋ ಹುಚ್ಚಿ” ಅಂದಳು ಊನ್‌ಡೊಕ್ ಅಕ್ಕ, “ಅದು ಊಟದ ಮಾತಲ್ಲ ಕಣೇ. ಹೋಗ್ಬರ್ತೀನಿ ಅನ್ನೋ ಬದ್ಲು ಹಂಗಂದಿದ್ದು.”

“ಹ್ವಾಜಾ ಸುಮ್ಸುಮ್ನೆ ಮಾತಾಡೋಳಲ್ಲ.”

“ಇಷ್ಟು ದಿನದಲ್ಲಿ ಒಂದು ಫೋನಾದ್ರೂ ಮಾಡಿದ್ಳಾ?”

“ನಾನೂ ಮಾಡಿಲ್ವಲ್ಲ.”

“ಈಗ ಮಾಡು! ಬರ್ತೀನಿ ಅನ್ನು. ಬೇಡ ಅಂದ್ರೆ ಟಿಕೆಟ್ ದುಡ್ಡು ಉಳೀತು.”

ಪಿಲ್‌ಸೂನಕ್ಕನ ಚಾಕು ಚಿಪ್ಪಿನ ಸಂದಿಯಲ್ಲೇ ನಿಂತಿತು. “ಕೇಳೋ ತನಕ ಆ ಊಟ ಬಿಸಿಯಾಗೇ ಇರುತ್ತಕ್ಕ” ಅಂದಳು, ಮೆಲ್ಲಗೆ. “ಕೇಳಿಬಿಟ್ರೆ, ಅವಳು ಹೂಂ ಹೂಂ ನೋಡೋಣ ಅಂದುಬಿಟ್ರೆ...”

ಊನ್‌ಡೊಕ್ ಅಕ್ಕ ಇನ್ನೊಂದು ಸಿಂಪಿ ಎತ್ತಿಕೊಂಡಳು.

೫

ಬರೆದು ಬಿಟ್ಟ ಕರಡುಗಳು.

ಅರಮನೆಯ ಬಾಗಿಲಲ್ಲಿ ಇಬ್ಬರೂ ಬಾಡಿಗೆಯ ರೇಷ್ಮೆ ಲಂಗ ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಹ್ವಾಜಾಳದು ಗುಲಾಬಿ. “ಹೊಡೆದು ಹಾಕು” ಅಂದಳು ಅಕ್ಕ. “ಗುಲಾಬಿ ಅಂದ್ರೆ ಅವಳಿಗೆ ಮೈಯೆಲ್ಲ ಉರಿ.”

ಇನ್ನೊಂದು: ಪಿಲ್‌ಸೂನಕ್ಕ ಒಬ್ಬಳೇ ಹೋಗುತ್ತಾಳೆ. ಒಂದೇ ಬಟ್ಟಲು ಕೊಡುವ ಅಂಗಡಿಯಲ್ಲಿ ತಣ್ಣನೆಯ ಶಾವಿಗೆ ತಿನ್ನುತ್ತಾಳೆ. ಸಂಜೆ ಗೋಪುರದ ಮೇಲೆ ನಿಂತು, ಕೆಳಗೆ ಹರಡಿದ ಮಹಾನಗರದ ದೀಪಗಳನ್ನು ನೋಡುತ್ತಾ ತನ್ನನ್ನು ತಾನೇ ಕಂಡುಕೊಳ್ಳುತ್ತಾಳೆ. ಬಹುಮಾನ ಬರುವಂಥ ಮುಕ್ತಾಯ. ಓದಿ ಹೇಳಿದೆ.

“ದೀಪ ನೋಡೋಕೆ ಅಷ್ಟು ದೂರ ಹೋಗ್ಲಾ? ನಮ್ಮ ಬಂದರಲ್ಲಿ ದೋಣಿ ದೀಪ ಇಲ್ವಾ? ಮತ್ತೆ ನನ್ನ ನಾನು ಕಂಡುಕೊಳ್ಳೋದೇನು, ದಿನಾ ಕಾಣ್ತೀನಿ. ಕಾಣ್ದೆ ಇರೋಳು ಅವಳು.”

ಬಹುಮಾನ ಹೋಯಿತು.

೬

ಕೊನೆಗೆ ನಾನೇ ಹೊರಟೆ. ಬರೆಯುವವನಿಗೆ ಇದೊಂದು ಅನುಕೂಲ: ಬಸ್ ಚಾರ್ಜಿಲ್ಲ. ಸಿಯೋಲ್‌ನ ಎತ್ತರದ ಅಪಾರ್ಟ್‌ಮೆಂಟು, ಹಾಲ್‌ನಲ್ಲಿ ಆಟದ ಸಾಮಾನಿನ ರಾಶಿ, ಅಡುಗೆಮನೆಯಲ್ಲಿ ಮಗುವಿಗೆ ಕುಂಬಳಕಾಯಿ ಗಂಜಿ ಕಲಕುತ್ತಿರುವ ಹ್ವಾಜಾ. ಮಗಳು, ಅಳಿಯ ಕೆಲಸಕ್ಕೆ ಹೋಗಿದ್ದಾರೆ.

“ಅವತ್ತು ಕಿಟಕಿಯಿಂದ ಅಂದ್ರಲ್ಲ, ಊಟ ಮಾಡೋಣ ಅಂತ. ಅದು ನಿಜಾನಾ?”

“ನೀನು ತಕ್ಕಡಿಯವನಲ್ವಾ? ಮಾತನ್ನೂ ತೂಗೋಕೆ ಶುರು ಮಾಡಿದ್ಯಾ?”

“ಹೇಳಿ ಅಕ್ಕ.”

ಅವಳು ಸೌಟು ಕೆಳಗಿಟ್ಟಳು. “ಬಸ್ಸು ಹೊರಟಿತ್ತು. ಏನಾದ್ರೂ ಒಂದು ಅನ್ಬೇಕಿತ್ತು. ಅನ್ನದೇ ಇದ್ದಿದ್ರೆ ಇಳಿದುಬಿಡ್ತಿದ್ದೆ.”

“ಹಾಗಾದ್ರೆ ಅವರು ಬಂದ್ರೆ?”

“ಅದನ್ನ ಅವಳು ಕೇಳ್ಲಿ. ನೀನ್ಯಾರು ಮಧ್ಯೆ?”

(ಮರೆಯಬೇಡಿ, ಇವಳು ನಾನು ಕಟ್ಟಿದ ಹ್ವಾಜಾ. ನಿಜವಾದ ಹ್ವಾಜಾ ಏನನ್ನುತ್ತಾಳೋ ನನಗೂ ತಿಳಿಯದು. ಪಿಲ್‌ಸೂನಕ್ಕನಿಗೆ ಈ ಭಾಗ ಓದಿ ಹೇಳುವ ಧೈರ್ಯ ಬರಲಿಲ್ಲ. ಸುಳ್ಳು ಆಸೆಯನ್ನು ತೂಗಿ ಕೊಟ್ಟಂತೆ ಆದೀತು.)

೭

ಈಗ ಕೊನೆ. ಎರಡು ತರಹದವು ಕೈಯಲ್ಲಿವೆ. ಒಂದರಲ್ಲಿ ಹ್ವಾಜಾ “ಮಗು ಇದೆ, ಮುಂದೆ ನೋಡೋಣ” ಅನ್ನುತ್ತಾಳೆ. ಅಕ್ಕ ಆ ರಜೆಯಲ್ಲಿ ಮನೆಗೆ ಸುಣ್ಣ ಹೊಡೆಸುತ್ತಾಳೆ. ಇನ್ನೊಂದರಲ್ಲಿ ಇಬ್ಬರ ನಡುವೆ ಕೆಂಡ ಹೊಗೆಯಾಡುತ್ತಿದೆ, ಮಾಂಸ ಕತ್ತರಿಸುವ ಕತ್ತರಿಗಾಗಿ ಜಗಳ ನಡೆದಿದೆ. ಯಾವುದು ಬೇಕೋ ಆರಿಸಿಕೊಳ್ಳಿ ಎಂದು ಓದುಗರ ತಲೆಗೆ ಕಟ್ಟಿ ಎದ್ದುಬಿಡಬಹುದಿತ್ತು. ಅಷ್ಟರಲ್ಲಿ ಪಿಲ್‌ಸೂನಕ್ಕ ಕೈಗವಸು ಕಳಚಿದಳು.

ರಜೆಗೆ ಮುಂಚೆ ಶೆಡ್ಡಿನ ಕೊನೆಯ ದಿನ, ಮಧ್ಯಾಹ್ನದ ಊಟದ ಹೊತ್ತು. ಎಲ್ಲರೂ ಬುತ್ತಿ ಬಿಚ್ಚುತ್ತಿದ್ದರು. ಅವಳು ಬಿಚ್ಚಲಿಲ್ಲ. ಫೋನ್ ತೆಗೆದುಕೊಂಡು ಬಟ್ಟೆ ಬದಲಿಸುವ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ.

“ನೀನೆಲ್ಲಿಗೆ?”

“ಕಥೆ ಅಕ್ಕ...”

“ಕಥೆ ಆಮೇಲೆ. ಹೊರಗೆ ನಿಲ್ಲು.”

ಬಾಗಿಲು ಅರ್ಧ ತೆರೆದೇ ಇತ್ತು. ಫೋನ್ ಹೋಗುವ ಸದ್ದು. ಮತ್ತೆ ಮತ್ತೆ ಅದೇ ಸದ್ದು. ಇಟ್ಟುಬಿಡುತ್ತಾಳೆ ಅಂದುಕೊಂಡೆ.

“ನಾನೇ ಕಣೇ... ಹೂಂ... ಇಲ್ಲ, ಎಲ್ಲ ಚೆನ್ನಾಗಿದಾರೆ. ಏನಿಲ್ಲ, ಸುಮ್ನೆ ಮಾಡ್ದೆ.”

ಸುಮ್ನೆ! ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅರಮನೆ ಹೇಳು, ಗೋಪುರ ಹೇಳು, ಎರಡು ಪಾಲು ಹೇಳು! ಅವಳು ಯಾವುದನ್ನೂ ಹೇಳಲಿಲ್ಲ. ನಾನು ಬರೆದ ಒಂದು ಮಾತನ್ನೂ ಬಳಸಲಿಲ್ಲ. ನನಗೆ ಯಾವ ಕರಡಿನಲ್ಲೂ ಹೊಳೆಯದ ಒಂದನ್ನು ಕೇಳಿದಳು:

“ಅಲ್ಲಿ ಯಾರ ಜೊತೆ ಕೂತು ಉಣ್ತೀಯೇ?”

ಆ ಕಡೆಯಿಂದ ಉತ್ತರ ಬರುತ್ತಿತ್ತು, ಉದ್ದಕ್ಕೆ, ತಡೆತಡೆದು. ಪಿಲ್‌ಸೂನಕ್ಕ ಗೋಡೆಗೆ ಒರಗಿ, ಹಾಗೇ ಜಾರಿ ನೆಲಕ್ಕೆ ಕೂತಳು, ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿಕೊಂಡು.

ಊನ್‌ಡೊಕ್ ಅಕ್ಕ ಬಾಯಲ್ಲಿ ತುತ್ತಿಟ್ಟುಕೊಂಡೇ ಬಂದಳು. “ಏನಂತೆ? ಹೋಗ್ತಾಳಂತಾ?”

“ಗೊತ್ತಿಲ್ಲ.”

“ಬರಿಯೋನಿಗೇ ಗೊತ್ತಿಲ್ವಾ?”

“ಆ ಕಡೆಯವರು ಮಾತಾಡ್ತಿದ್ದಾರೆ.”

ಅವಳು ಇಣುಕಿ ನೋಡಿದಳು. ತುತ್ತು ನುಂಗಿದಳು. “ಮತ್ತೆ ಇಲ್ಲಿ ನಿಂತು ಏನ್ ಮಾಡ್ತಿದ್ದೀಯ? ಬಾಗಿಲು ಹಾಕು. ಇಲ್ಲಿನ ಊಟದ ಗದ್ದಲಕ್ಕೆ ಅವಳಿಗೆ ಕೇಳಿಸಲ್ಲ.”

ನಾನು ಹೊರಗೇ ನಿಂತು ಬಾಗಿಲು ಎಳೆದುಕೊಂಡೆ.