ಹದಿನೇಳನೇ ಕಂತಿನ ಅಂಗಡಿಯವನು

"ಟೀಚರಮ್ಮಾ, ನೀವು ಹೇಳಿದ ಸೀನು ಆ ಕಂತಲ್ಲಿ ಇಲ್ವೇ ಇಲ್ಲ," ಎಂದು ವಿಡಿಯೋ ಎಡಿಟರ್ ಫೋನ್ ಮಾಡಿದಾಗ ಗಂಟೆ ಒಂಬತ್ತು ನಲವತ್ತು. ಸಭೆ ಇದ್ದದ್ದು ಹನ್ನೊಂದಕ್ಕೆ.

ಪ್ರಚಾರ ಸಂಸ್ಥೆಯಲ್ಲಿ ಅವಳಿಗೆ ಆ ಹೆಸರು ಬಿದ್ದದ್ದು ಹಳೇ ಟಿವಿ ಧಾರಾವಾಹಿಗಳಿಂದ. ಜನರನ್ನು ಒಲಿಸಿಕೊಳ್ಳುವ ಪಾಠವೆಲ್ಲ ಅವುಗಳಲ್ಲೇ ಇದೆ ಎಂದು ಸಿಕ್ಕವರಿಗೆಲ್ಲ ಕೊರೆಯುತ್ತಿದ್ದಳು. ಪ್ರತಿ ಭಾನುವಾರ ಅದೇ ಹೊತ್ತಿಗೆ, ಅದೇ ಸಂಗೀತದೊಂದಿಗೆ ಬರುತ್ತಿದ್ದುದರಿಂದಲೇ ಜನ ಅವನ್ನು ಮನೆಯವರಂತೆ ನಂಬಿದರು ಎನ್ನುವುದು ಒಂದು ಪಾಠ. ಎಲ್ಲಕ್ಕಿಂತ ದೊಡ್ಡದು ಹದಿನೇಳನೇ ಕಂತಿನ ಪಾಠ. ಅಂಗಡಿಯವನು ಗೊತ್ತಿಲ್ಲದೆ ಒಡಕು ಲಾಟೀನು ಮಾರಿಬಿಟ್ಟಿರುತ್ತಾನೆ. ಯಾರೂ ದೂರು ತರುವ ಮೊದಲೇ ಮನೆಮನೆಯ ಬಾಗಿಲು ತಟ್ಟಿ, "ತಪ್ಪು ನಂದು, ವಾಪಸ್ ಕೊಡಿ" ಎನ್ನುತ್ತಾನೆ.

ಇವತ್ತು ಬರುವವರು ಇಸ್ತ್ರಿಪೆಟ್ಟಿಗೆ ಕಂಪನಿಯ ಮಾಲೀಕರು. ಅವರ ಹೊಸ ಮಾದರಿಯ ಹಿಡಿಕೆಯೊಳಗಿನ ತಂತಿ ಸಡಿಲವಾಗಿ, ಒಬ್ಬ ದರ್ಜಿಯ ಅಂಗೈ ಸುಟ್ಟಿತ್ತು. ಇನ್ನೂ ನಾನೂರ ಹನ್ನೆರಡು ಪೆಟ್ಟಿಗೆಗಳು ಜನರ ಮನೆಗಳಲ್ಲಿದ್ದವು. ಸುಮ್ಮನಿದ್ದುಬಿಡೋಣ ಎನ್ನುತ್ತಿದ್ದ ಮಾಲೀಕರಿಗೆ ಆ ದೃಶ್ಯ ತೋರಿಸಿ, ಅಷ್ಟನ್ನೂ ವಾಪಸ್ ತರಿಸುವಂತೆ ಒಪ್ಪಿಸುತ್ತೇನೆಂದು ಅವಳು ತನ್ನ ಮ್ಯಾನೇಜರಿಗೆ ಮಾತು ಕೊಟ್ಟು, ದೃಶ್ಯದ ಟಿಪ್ಪಣಿಯನ್ನು ಮಾಲೀಕರಿಗೆ ಕಳಿಸಿಯೂ ಇದ್ದಳು. ಒಂದೊಂದು ಅಂಕಿಯನ್ನೂ ಎರಡೆರಡು ಸಲ ತಾಳೆ ನೋಡುವವಳು ಇದೊಂದನ್ನು ಮಾತ್ರ ನೋಡಿರಲಿಲ್ಲ. ಕಣ್ಣಾರೆ ಕಂಡದ್ದಕ್ಕೆ ಪುರಾವೆ ಯಾಕೆ?

ಮೆಟ್ಟಿಲು ಹಾರಿ ಎಡಿಟರನ ಕೋಣೆಗೆ ಓಡಿದಳು. ಮಾನಿಟರಿನಲ್ಲಿ ಅದೇ ಅಂಗಡಿ, ಅದೇ ಮೀಸೆ. ಆದರೆ ಅಂಗಡಿಯವನು ಉಳಿದ ಲಾಟೀನುಗಳನ್ನು ಪರದೆಯ ಹಿಂದೆ ತಳ್ಳಿದ. ದೂರು ತಂದ ಮುದುಕಿಗೆ, "ನೀನೇ ಬೀಳಿಸಿರ್ತೀಯ ಅಜ್ಜಿ" ಎಂದ. ಹಿನ್ನೆಲೆಯಲ್ಲಿ ನಗೆಯ ಅಲೆ ಎದ್ದಿತು. ಕಂತು ಮುಗಿಯಿತು.

ಚಿಕ್ಕಂದಿನಲ್ಲಿ ಆ ಕಂತನ್ನು ಅವಳ ಜೊತೆ ಕೂತು ನೋಡಿದವಳು ಅಕ್ಕ. ಅಕ್ಕನಿಗೆ ಫೋನ್ ಮಾಡಿದಳು.

"ಲಾಟೀನಿನ ಕಂತಾ? ಅವತ್ತು ಅರ್ಧಕ್ಕೇ ಕರೆಂಟ್ ಹೋಯ್ತಲ್ಲೇ! ನೀನು ಸೂರು ಹಾರಿಹೋಗೋ ಹಾಗೆ ಅತ್ತೆ. ಉಳಿದಿದ್ದು ನಾನೇ ಹೇಳ್ದೆ."

"ಹೇಳ್ದೆ ಅಂದ್ರೆ?"

"ಕಟ್ಟಿ ಹೇಳ್ದೆ ಕಣೇ. ಕರೆಂಟ್ ಹೋದಾಗೆಲ್ಲ ಅದೇ ತಾನೇ ನನ್ನ ಕೆಲಸ? ಮೂವತ್ತು ವರ್ಷ ಆದ್ಮೇಲೆ ಕಂಪ್ಲೇಂಟ್ ತಂದಿದ್ದೀಯಲ್ಲ!"

"ಅವನು ತಪ್ಪು ಒಪ್ಪಿಕೊಂಡಿದ್ದು?"

ಅಕ್ಕ ದನಿ ತಗ್ಗಿಸಿದಳು. "ಬೆಳಿಗ್ಗೆ ನಿನ್ನ ಹಸಿರು ಗೋಲಿ ಕಳೆದುಹಾಕಿದ್ದೆ. ಹೇಳೋಕೆ ಧೈರ್ಯ ಬರ್ಲಿಲ್ಲ. ಅಂಗಡಿಯವನ ಕೈಲಿ ಹೇಳಿಸ್ದೆ."

ಮ್ಯಾನೇಜರ್ ಎಲ್ಲ ಕೇಳಿಸಿಕೊಂಡು ಬಾಗಿಲು ಮುಚ್ಚಿದರು. "ಟೇಪ್ ಹಾಳಾಗಿದೆ ಅನ್ನಿ. ಕತೆ ಬಾಯಲ್ಲೇ ಹೇಳಿ. ನಾನೂರು ಕೈ ಉಳಿಯುತ್ತೆ, ನಮ್ಮ ಕೆಲಸಾನೂ ಉಳಿಯುತ್ತೆ. ಒಂದು ಸುಳ್ಳಿಗೆ ಇನ್ನೇನು ಬೇಕು?"

ಅದೇ ಅವಳನ್ನು ಕೊರೆಯುತ್ತಿತ್ತು. ನಿಜ ಹೇಳಿದ್ದಕ್ಕೆ ಮಾಲೀಕರು ಸಿಟ್ಟಾಗಿ ಎದ್ದುಹೋದರೆ, ಆ ಪೆಟ್ಟಿಗೆಗಳು ನಾಳೆಯೂ ಬಿಸಿಯಾಗುತ್ತವೆ.

ಹನ್ನೊಂದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಮಾಲೀಕರು ಮುಖ ಅರಳಿಸಿದರು. "ನೀವು ಕಳಿಸಿದ ಟಿಪ್ಪಣಿ ಓದ್ತಿದ್ದ ಹಾಗೇ ಎಲ್ಲಾ ನೆನಪಾಯ್ತು! ಮನೆಮನೆಗೆ ಹೋಗ್ತಾನಲ್ಲ? ನಮ್ಮಮ್ಮ ಕಣ್ಣೊರೆಸಿಕೊಂಡಿದ್ರು."

ಮೇಜಿನ ಕೆಳಗೆ ಮ್ಯಾನೇಜರರ ಬೂಟು ಅವಳ ಪಾದವನ್ನು ಒತ್ತಿತು. ಇಲ್ಲದ ದೃಶ್ಯವನ್ನು ಇನ್ನೊಬ್ಬರ ತಲೆಯಲ್ಲಿ ತಾನೇ ಬಿತ್ತಿದ್ದಳು, ಈಗ ಅದು ಬೇರು ಬಿಟ್ಟಿತ್ತು. ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು.

"ಸರ್, ಆ ಸೀನ್ ಇಲ್ಲ. ನಮ್ಮಕ್ಕ ಕಟ್ಟಿದ ಕತೆ ಅದು. ನೋಡದೆ ನಿಮಗೆ ಬರೆದೆ. ತಪ್ಪು ನಂದು."

ಮಾಲೀಕರ ಮುಖ ಗಂಟಿಕ್ಕಿತು. "ಸುಳ್ಳು ಕತೆ ತೋರಿಸಿ ನನ್ನ ಮಾಲು ವಾಪಸ್ ತರಿಸೋಕೆ ಹೊರಟಿದ್ರಾ? ಮತ್ತೆ ಈಗ್ಯಾಕೆ ಹೇಳಿದ್ರಿ?"

"ನೀವಾಗೇ ಕಂಡುಹಿಡಿಯೋದಕ್ಕೆ ಮುಂಚೆ ಹೇಳ್ಬೇಕು ಅನ್ನಿಸ್ತು, ಸರ್."

"ಇರೋದನ್ನ ಹಾಕಿ."

ಎಡಿಟರ್ ಹಾಕಿದ. ಲಾಟೀನುಗಳು ಪರದೆಯ ಹಿಂದೆ ಸರಿದವು. ಮುದುಕಿ ಒಡಕು ಗಾಜು ಹಿಡಿದು ನಿಂತಳು. ನಗೆಯ ಅಲೆ ಎದ್ದಿತು. ಕೋಣೆಯಲ್ಲಿ ಯಾರೂ ನಗಲಿಲ್ಲ. ಮಾಲೀಕರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ, "ಅವತ್ತು ಇದನ್ನ ನೋಡಿ ನಾವು ಮನೆಮಂದಿಯೆಲ್ಲ ನಕ್ಕಿರ್ತೀವಿ," ಎಂದರು. ಆಮೇಲೆ, "ಆ ದರ್ಜಿಯ ಅಂಗಡಿ ಎಷ್ಟು ದೂರ?"

ಎರಡೇ ಬೀದಿ. ಆದರೂ ಅವಳಿಗೆ ದಾರಿ ಸವೆಯಲಿಲ್ಲ. ಮಾಲೀಕರು ಹೊರಟದ್ದು ಕ್ಷಮೆ ಕೇಳಲೋ, ದರ್ಜಿಯ ಬಾಯಿ ಮುಚ್ಚಿಸಲೋ? ಕೇಳುವ ಧೈರ್ಯವಾಗಲಿಲ್ಲ.

ಹೊಸ್ತಿಲಲ್ಲಿ ಮಾಲೀಕರು ತಟ್ಟನೆ ನಿಂತರು. "ನಿಮ್ಮಕ್ಕನ ಅಂಗಡಿಯವನು ಮೊದಲು ಏನು ಹೇಳ್ತಿದ್ದ?"

"ತಾನು ಯಾರು ಅಂತ, ಸರ್."

ದರ್ಜಿ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದರಲ್ಲಿ ಗುಂಡಿ ಹೊಲಿಯಲು ಹೆಣಗುತ್ತಿದ್ದ. ತಲೆಯೆತ್ತಿ, "ಏನಾಗ್ಬೇಕಿತ್ತು?" ಎಂದ. ಮಾಲೀಕರು ಹೊಸ್ತಿಲು ದಾಟಿ ಅವನೆದುರು ಕೂತರು.

"ಆ ಇಸ್ತ್ರಿಪೆಟ್ಟಿಗೆ ಮಾಡಿದವನು ನಾನೇ," ಎಂದರು ಮಾಲೀಕರು.