ಕನ್ನಡಿಗೆರೆಯ ಎಡಕ್ಕೆ

"ಏನ್ರೋ, ಇವತ್ತು ಹುಡುಗೇರು ಒಬ್ರೂ ಬಂದಿಲ್ಲೇನು?"

ರೇಣುಕಾಪ್ರಸಾದ್ ಮೇಷ್ಟ್ರು ಹೀಗೆ ಕೇಳಿದಾಗ ಎಂಟನೇ ತರಗತಿಯ ಹದಿನೆಂಟು ಹುಡುಗಿಯರೂ ಅವರ ಎಡಗಡೆಯ ಬೆಂಚುಗಳಲ್ಲೇ ಕೂತಿದ್ದರು. ಬಲಗಡೆ, ಹುಡುಗರ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಮೇಷ್ಟ್ರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಹುಡುಗಿಯರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ನಗೋದೇನೈತೆ ಇದ್ರಾಗೆ?" ಎಂದು ಹುಡುಗರನ್ನು ಗದರಿ ಬೋರ್ಡಿನತ್ತ ತಿರುಗಿದರು.

ಕೊನೆಯ ಬೆಂಚಿನಲ್ಲಿದ್ದ ಮೈತ್ರಿಗೂ ಮೊದಲು ನಗುವೇ ಬಂದಿತ್ತು. ತಾಳಗುಂದದ ಹತ್ತಿರದ ಈ ಹೈಸ್ಕೂಲಿಗೆ ಅವಳೀಗ ಮುಖ್ಯೋಪಾಧ್ಯಾಯಿನಿ. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕೋಣೆಯಲ್ಲಿ, ಇದೇ ಮೇಷ್ಟ್ರ ಹತ್ತಿರ ಬೈಸಿಕೊಂಡು ರೇಖಾಗಣಿತ ಕಲಿತವಳು. ಮೇಷ್ಟ್ರಿಗೆ ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಎರಡೂ ಬಿದ್ದುಹೋಗಿ, ಇನ್ನಿವರು ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ನೋಡಲು ಹೋದವರೆಲ್ಲ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಹಟಮಾರಿ ಮನುಷ್ಯ, ಎದ್ದರು. ಈಗ ನಡೆಯುತ್ತಾರೆ, ಮಾತು ಸ್ವಚ್ಛವಾಗಿದೆ. ಡಾಕ್ಟರು ಕೈ ಹಿಸುಕಿ, ನಾಲ್ಕು ಹೆಜ್ಜೆ ನಡೆಸಿ, ಕೆಲಸಕ್ಕೆ ಯೋಗ್ಯರು ಎಂದು ಬರೆದುಕೊಟ್ಟಿದ್ದಾರೆ. ಮರಳಿ ಹಾಜರಾಗುವ ಪತ್ರದ ಮೇಲೆ ಮೈತ್ರಿಯ ಸಹಿಯೊಂದೇ ಬಾಕಿ. "ಸಹಿ ಆಮೇಲೆ ಹಾಕುವಂತಿ. ಮೊದ್ಲು ಒಂದು ಪಾಠ ಮಾಡ್ತೀನಿ, ಹಿಂದೆ ಕೂತು ನೋಡು" ಎಂದು ಅವರೇ ಅವಳನ್ನು ಆಫೀಸಿನಿಂದ ಎಬ್ಬಿಸಿಕೊಂಡು ಬಂದಿದ್ದರು. ಮೂವತ್ತೊಂದು ವರ್ಷ ಪಾಠ ಮಾಡಿದವರು. ಅದೊಂದನ್ನು ಕಿತ್ತುಕೊಂಡರೆ ಅವರ ಹತ್ತಿರ ಬೇರೇನೂ ಇರಲಿಲ್ಲ.

"ಸರ್ವಸಮ ಅಂದ್ರೆ ಏನು? ಒಂದು ಆಕೃತಿನ ಇನ್ನೊಂದರ ಮೇಲಿಟ್ರೆ ಕೂದಲೆಳೆ ಹೆಚ್ಚುಕಮ್ಮಿ ಆಗದಂಗೆ ಕೂರಬೇಕು. ಅದಕ್ಕೆ ಮೂರು ದಾರಿ. ಸರಿಸ್ರಿ, ತಿರುಗಿಸ್ರಿ, ಇಲ್ಲಾ ಮಗುಚಿ ಹಾಕ್ರಿ. ಜಾಗ ಬದಲಾತು ಅಂತ ಆಕೃತಿ ಬದಲಾಗಲ್ಲ. ಬರ್ಕೊಳ್ರಿ."

ಬೋರ್ಡಿನ ನಡುವೆ ಉದ್ದಕ್ಕೊಂದು ಗೆರೆ ಎಳೆದು ಇದು ಕನ್ನಡಿ ಎಂದರು. ಅದರ ಬಲಕ್ಕೆ, ಸ್ಕೇಲು ಮುಟ್ಟದೆ, ಒಂದು ತ್ರಿಭುಜ ಬರೆದರು. ಬಲಗೈಗೆ ಏನೂ ಆಗಿರಲಿಲ್ಲ, ಗೆರೆ ದಾರ ಹಿಡಿದಷ್ಟು ನೇರ. "ಈಗ ಕನ್ನಡಿಯ ಆ ಕಡೆ ಇದರ ಪ್ರತಿಬಿಂಬ" ಎಂದು ಎರಡನೆಯ ತ್ರಿಭುಜವನ್ನು ಮೊದಲನೆಯದರ ಮೇಲೆಯೇ ಎಳೆದರು. ಬೋರ್ಡಿನ ಎಡಭಾಗ ಪೂರ್ತಿ ಖಾಲಿ ಉಳಿಯಿತು. "ನೋಡ್ರಿ, ಈ ಕಡೆ ಒಂದು, ಆ ಕಡೆ ಒಂದು!"

ಈ ಸಲ ಯಾರೂ ನಗಲಿಲ್ಲ.

ಮೈತ್ರಿಗೆ ಬೆಳಿಗ್ಗೆಯ ಮಾತು ನೆನಪಾಯಿತು. ಶಿರಾಳಕೊಪ್ಪದಿಂದ ಬಸ್ಸಿನಲ್ಲಿ ಮೇಷ್ಟ್ರ ಜೊತೆ ಬಂದಿದ್ದ ಅವರ ಹೆಂಡತಿ ರಾಜೇಶ್ವರಮ್ಮ ವರಾಂಡದಲ್ಲಿ ಪಿಸುಗುಟ್ಟಿದ್ದರು. "ಎಲ್ಲಾ ಸರಿಹೋಗೈತಮ್ಮ. ಊಟಕ್ಕೆ ಕೂತ್ರೆ ಮಾತ್ರ ಅರ್ಧ ತಟ್ಟೆ ಬಿಟ್ಟು ಏಳ್ತಾರೆ. ತಟ್ಟೆ ತಿರುಗಿಸಿ ಇಟ್ರೆ ಅದನ್ನೂ ಉಣ್ತಾರೆ. ಎಂಥಾ ಹುಡುಗಾಟಾನೋ." ಅದು ಹುಡುಗಾಟವಲ್ಲ ಎಂದು ಆಕೆಗೂ ಒಳಗೊಳಗೇ ಗೊತ್ತಿತ್ತೇನೋ. ಮೈತ್ರಿ ಮಾತ್ರ ನಕ್ಕು ಸುಮ್ಮನಾಗಿದ್ದಳು.

ಅವಳು ಎದ್ದು ಹೋಗಿ ಮೇಷ್ಟ್ರ ಎಡಕ್ಕೆ ನಿಂತು "ಸಾರ್" ಎಂದಳು. ಅವರು ಬಲಕ್ಕೆ ತಿರುಗಿ ಅವಳನ್ನು ಹುಡುಕಿದರು. ಮೈತ್ರಿ ಅವರ ತೋಳು ಹಿಡಿದು, ಬೋರ್ಡಿನ ಎಡತುದಿ ದಾಟಿ ಕಿಟಕಿಯ ತನಕ ನಡೆಸಿ, ಅಲ್ಲಿಂದ ಬೋರ್ಡು ಪೂರ್ತಿ ಅವರ ಬಲಕ್ಕೆ ಬರುವಂತೆ ನಿಲ್ಲಿಸಿದಳು.

ಮೇಷ್ಟ್ರ ಹುಬ್ಬು ಗಂಟಾಯಿತು. "ನಾ ಬರೆದಿದ್ದನ್ನ ಅಳಿಸಿದ್ದು ಯಾರು?"

ಇವರನ್ನು ಇಷ್ಟು ಮಕ್ಕಳೆದುರು ಬೆತ್ತಲೆ ನಿಲ್ಲಿಸಿದೆನಲ್ಲ ಎಂದು ಮೈತ್ರಿಗೆ ತನ್ನ ಮೇಲೇ ಅಸಹ್ಯವಾಯಿತು. "ನಾನೇ ಸಾರ್" ಎಂದಳು.

"ಹೆಡ್ಮಿಸ್ ಆದ್ರೂ ಬುದ್ಧಿ ಬರಲಿಲ್ಲ ನಿನಗೆ. ಬರಿ."

ಅವಳು ಬರೆದಳು. ಮೇಷ್ಟ್ರು ಕಿಟಕಿಯ ಬಳಿಯಿಂದಲೇ ನೋಡಿ, ತುದಿಬಿಂದು ಅರ್ಧ ಇಂಚು ಕೆಳಗೆ ಬರಲಿ ಎಂದು ತಿದ್ದಿಸಿ, ತಮ್ಮ ಜಾಗಕ್ಕೆ ಮರಳಿ ಬೋರ್ಡಿಗೆ ಎದುರಾದರು.

"ಎಲ್ಲಿ? ಮತ್ತೆ ಅಳಿಸಿದ್ಯಾ?"

"ಇಲ್ಲ ಸಾರ್. ಅಲ್ಲೇ ಐತೆ."

ಅವರು ತಾವೇ ಮತ್ತೆ ಕಿಟಕಿಯ ಬಳಿಗೆ ಹೋಗಿ ನೋಡಿದರು. ವಾಪಸು ಬಂದು ನೋಡಿದರು. ಇನ್ನೊಮ್ಮೆ ಹೋದರು, ಬಂದರು. ಪ್ರತಿ ಸಲವೂ ಎಡಗಾಲು ನೆಲಕ್ಕೆ ಸವರಿತು. ಹೊರಗೆ ಜೋಳದ ಹೊಲದಲ್ಲಿ ಯಾರೋ ಹಕ್ಕಿ ಓಡಿಸಲು ಡಬ್ಬ ಬಡಿಯುತ್ತಿದ್ದರು.

"ಬೋರ್ಡು ಸರಿದಿಲ್ಲ" ಎಂದರು ಮೇಷ್ಟ್ರು, ಪಾಠ ಹೇಳುವ ದನಿಯಲ್ಲೇ. "ತ್ರಿಭುಜಾನೂ ಸರಿದಿಲ್ಲ. ಸರಿದಿದ್ದು ನಾನೊಬ್ನೇ. ನಾನು ಸರಿದ್ರೆ ಅದು ಯಾಕೆ ಹೋಗ್ಬೇಕು? ಹೋಗಬಾರದು. ಅಂದ್ಮೇಲೆ ಎಡಗಡೆ ಹೋಗಿರೋದು ನನ್ನೊಳಗೆ."

ಅವರು ಮೈತ್ರಿಯ ಕಡೆ ತಿರುಗಿದರು.

"ರಾಜೇಶ್ವರಿ ದಿನಾ ಎರಡು ಸಲ ಬಡಿಸ್ತಾಳೆ ಅಂದ್ಕೊಂಡಿದ್ದೆ. ತಟ್ಟೆ ತಿರುಗಿಸ್ತಿದ್ದಾಳೆ ಅವಳು, ಅಲ್ವಾ?"

"ಹೌದು ಸಾರ್."

ಮೇಷ್ಟ್ರು ಚಾಕ್‌ಪೀಸನ್ನು ಅವಳ ಕೈಗಿಟ್ಟರು. "ಆ ಪತ್ರಕ್ಕೆ ಸಹಿ ಹಾಕಬ್ಯಾಡ ಮೈತ್ರಿ. ಅರ್ಧ ಕ್ಲಾಸಿಗೆ ಪಾಠ ಮಾಡಿ ಪೂರ್ತಿ ಮೇಷ್ಟ್ರು ಅನ್ನಿಸ್ಕೊಳ್ಳೋಕೆ ಆಗಲ್ಲ."

ತಾನು ಹೇಳಲಾಗದ್ದನ್ನು ಅವರೇ ಹೇಳಿಬಿಟ್ಟರಲ್ಲ ಎಂದು ಅವಳಿಗೆ ಒಂದು ಗಳಿಗೆ ನಿರಾಳವಾಯಿತು. ಆ ನಿರಾಳಕ್ಕೆ ನಾಚಿ ಅವಳು ಅವರ ಮುಖ ನೋಡಲಾರದೆ ಹೋದಳು. "ಮನೆಗೆ ಹೋಗ್ತೀರಾ ಸಾರ್? ಅಮ್ಮನ್ನ ಕರೀಲಾ?"

"ಇನ್ನೂ ಇಪ್ಪತ್ತು ನಿಮಿಷ ಐತೆ. ಮಗುಚೋದು ಮುಗಿದಿಲ್ಲ. ನೀನು ಹೇಳು."

ಕಿಟಕಿಯ ಪಕ್ಕದ ಮೊದಲ ಬೆಂಚಿನಲ್ಲಿದ್ದ ತಿಪ್ಪೇಶ ಒಳಗೆ ಸರಿದು ಗೋಡೆ ಬದಿಯ ತುದಿ ಬಿಟ್ಟುಕೊಟ್ಟ. ಮೇಷ್ಟ್ರು ಅಲ್ಲಿ ಕೂತರು.

ಮೈತ್ರಿ ಶೃಂಗಗಳಿಗೆ ಹೆಸರಿಟ್ಟಳು. ಎರಡು ತ್ರಿಭುಜಗಳನ್ನೂ ತೋರಿಸಿ, "ಈ ಬಾಹುವಿಗೆ ಆ ಕಡೆ ಯಾವ ಬಾಹು ಸಮ? ಯಾರು ಹೇಳ್ತೀರಿ?" ಎಂದು ಕೇಳಿದಳು. ಮಕ್ಕಳೆಲ್ಲ ಡೆಸ್ಕು ನೋಡುತ್ತಿದ್ದರು. ಅವಳು ಇನ್ನೊಮ್ಮೆ ಕೇಳಿದಳು.

ಮೊದಲ ಬೆಂಚಿನಿಂದ ಒಂದು ಬಲಗೈ ಮೇಲೆದ್ದಿತು.

"ಹೇಳ್ರಿ ಸಾರ್" ಎಂದಳು ಮೈತ್ರಿ.

ಡೆಸ್ಕಿಗೆ ಕೈಯೂರಿಕೊಂಡು ಮೇಷ್ಟ್ರು ಎದ್ದು ನಿಂತರು.